ದನಿ ಕನ್ನಡ, ಕಣ್ಣು ಯಾರದು?

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ ಹಂಪಾಪುರ ಸಿಗುತ್ತದೆ. ಕಬಿನಿ ಕಾಡಿನ ಹುಲಿ ನೋಡಲು ಹೊರಟ ಪ್ರವಾಸಿಗರಿಗೆ ಈ ಕಡೆಯ ಊರು, ಜನ ಬರೀ ದಾರಿ. 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರ ನೋಡಿದಾಗ ನಮಗೆ ಇದೇ ನೆನಪಾಯಿತು.

2020ರಲ್ಲಿ ಚಿತ್ರಮಂದಿರಕ್ಕೆ ಬಂದ ಈ ಚಿತ್ರದ ನಿರ್ದೇಶಕರು ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ. ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟರು. ಛಾಯಾಗ್ರಹಣದ ಸೊಗಸನ್ನು, ಅದರ ಹಿಂದಿನ ಶ್ರಮವನ್ನು ಮೆಚ್ಚಲೇಬೇಕು. ಆದರೆ ಹುಲಿ, ಆನೆ, ನೀರುನಾಯಿಗಳೇ ಇಲ್ಲಿ ನಾಯಕರು. ಕಾಡಿನ ಜನರ ಬಾಳು ಇದರ ವಿಷಯವಲ್ಲ. ದನಿ ಕನ್ನಡವಾದ ಮಾತ್ರಕ್ಕೆ ನೋಟ ಕನ್ನಡವಾಗುವುದಿಲ್ಲ.

ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡು ಎಂಬ ಕಲ್ಪನೆ ಇಲ್ಲಿಯದಲ್ಲ. 1872ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಮೂಲನಿವಾಸಿಗಳು ಹೊರಗಾದರು. ಆ ಮಾದರಿ ಜಗತ್ತಿಗೆಲ್ಲ ಹಬ್ಬಿತು.

ನಾಗರಹೊಳೆಯ ಜೇನುಕುರುಬರಿಗೆ ಕಾಡೆಂದರೆ ಜೇನು, ಗೆಡ್ಡೆಗೆಣಸು, ದೇವರು, ಹಿರಿಯರ ಸಮಾಧಿ. ಅಲ್ಲಿಂದ ಹಲವು ಕುಟುಂಬಗಳು ಹೊರಬೀಳಬೇಕಾಯಿತು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಆದರೂ 2025ರ ಮೇ ತಿಂಗಳಲ್ಲಿ, ಕೊಡಗಿನ ಕಡೆಯ ಕರಡಿಕಲ್ಲಿಗೆ ಮರಳಿದ ಕುಟುಂಬಗಳು ತಮ್ಮ ನೆಲದಲ್ಲೇ ಹಕ್ಕಿಗಾಗಿ ಹೋರಾಡಬೇಕಾಯಿತು.

ಪಾಶ್ಚಾತ್ಯರ ಜ್ಞಾನ ಬೇಡವೆಂದು ನಾವು ಹೇಳುತ್ತಿಲ್ಲ. ಅಟೆನ್‌ಬರೋ ಅವರಿಂದ ಕಲಿಯುವುದು ಬಹಳಷ್ಟಿದೆ. ಹಾಡಿಯ ಹಿರಿಯರಿಂದ ಕಲಿಯುವುದೂ ಅಷ್ಟೇ ಇದೆ. ಮುಂದಿನ ಚಿತ್ರದಲ್ಲಾದರೂ ಕಾಡಿನ ಕಥೆಯನ್ನು ಅವರೇ ಹೇಳಲಿ.