ಕ್ಷೇತ್ರ, ಮತ, ದಾನ: ಚುನಾವಣೆಯ ಮೂರು ಮಾತುಗಳ ವಿಮರ್ಶೆ

ಶಾಸನದ ಒಂದೊಂದಕ್ಷರಕ್ಕೂ ವಾದ ಹೂಡುವ ನಮ್ಮ ವಿದ್ವಾಂಸರು ಚುನಾವಣೆಯ ಪರಿಭಾಷೆಯನ್ನು ಮಾತ್ರ ಕಛೇರಿಯ ಗುಮಾಸ್ತರಿಗೆ ಬಿಟ್ಟುಕೊಟ್ಟಂತೆ ತೋರುತ್ತದೆ. ಲಕ್ಷಾಂತರ ಜನರು ತಮ್ಮ ಆಳ್ವಿಕೆಯನ್ನು ನಿರ್ಣಯಿಸುವಾಗ ಬಳಸುವ ಮಾತುಗಳಿಗೆ ಅರ್ಥವಿಚಾರ ಬೇಡವೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯನ್ನೇ ಉದಾಹರಣೆಗೆ ಹಿಡಿದು ಅಂತಹ ಮೂರು ಮಾತುಗಳನ್ನು ಪರಿಶೀಲಿಸುವೆವು.

ಮೊದಲನೆಯದು ‘ಕ್ಷೇತ್ರ’. ಈ ಮೂರು ಊರುಗಳೂ ಒಂದೊಂದು ವಿಧಾನಸಭಾ ಕ್ಷೇತ್ರದ ಹೆಸರುಗಳು. ಇವುಗಳೊಡನೆ ಮಂಗಳೂರು ನಗರ ಉತ್ತರ, ಮಂಗಳೂರು ನಗರ ದಕ್ಷಿಣ, ಮಂಗಳೂರು, ಪುತ್ತೂರು, ಸುಳ್ಯ ಸೇರಿ ಎಂಟಾಗುವುವು; ಎಂಟೂ ಕೂಡಿ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರ. ಇಷ್ಟು ಜನರಿಗೆಲ್ಲ ಸದಸ್ಯನು ಒಬ್ಬನೇ. ಅರ್ಧಕ್ಕಿಂತ ಕಡಿಮೆ ಬಿದ್ದರೂ ಉಳಿದವರಿಗಿಂತ ಹೆಚ್ಚು ಬಿದ್ದವನೇ ಗೆದ್ದವನು. ಬೆಳ್ತಂಗಡಿಯವರಿಗೆ ಕ್ಷೇತ್ರವೆಂದರೆ ಮೊದಲು ನೆನಪಾಗುವುದು ಧರ್ಮಸ್ಥಳ. ಆ ಕ್ಷೇತ್ರವು ಇದ್ದಲ್ಲಿಯೇ ಇರುವಂಥದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ 1430ರಿಂದ ಅಲುಗದೆ ನಿಂತಿದೆ. ಚುನಾವಣೆಯ ಕ್ಷೇತ್ರವಾದರೋ ಜನಗಣತಿಯ ಅಂಕಿಗಳೊಡನೆ ಸರಿಯುವಂಥದು. 1952ರಲ್ಲಿ ಈ ಜಿಲ್ಲೆ ಮದರಾಸು ರಾಜ್ಯದಲ್ಲಿದ್ದಾಗ ಅಲ್ಲಿದ್ದುದು ದಕ್ಷಿಣ ಕೆನರಾ ಉತ್ತರ, ದಕ್ಷಿಣ ಕೆನರಾ ದಕ್ಷಿಣ ಎಂಬ ವಿಚಿತ್ರ ಹೆಸರಿನ ಕ್ಷೇತ್ರಗಳು. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ 1957ರಲ್ಲಿ ಮಂಗಳೂರು ಕ್ಷೇತ್ರ ಕಾಣಿಸಿತು. ಮುಂದೆ ಕೊಡಗೂ ಅದರೊಳಗೆ ಸೇರಿತ್ತು. 1967ರಲ್ಲಿ ಕೊಡಗಿನ ಸಿ. ಎಂ. ಪೂಣಚ್ಚನವರು ಇಲ್ಲಿಂದ ಆರಿಸಿಬಂದರು. 2008ರ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರಿನತ್ತ ಹೋಯಿತು; 2009ರ ಚುನಾವಣೆ ಹೊಸ ಹೆಸರಿನಲ್ಲಿ ನಡೆಯಿತು. ಮಾತು ಒಂದೇ, ಸ್ವಭಾವ ಎರಡು. ಇದರಿಂದ ದೊಡ್ಡ ಹಾನಿಯೇನೂ ಇಲ್ಲವೆನ್ನಬಹುದು.

ಹಾನಿಯಿರುವುದು ‘ಮತ’ದಲ್ಲಿ. ಸಂಸ್ಕೃತದ ‘ಮನ್’ ಧಾತುವಿನಿಂದ ಬಂದ ಈ ಪದಕ್ಕೆ ಎಣಿಸಿದ್ದು, ಅಭಿಪ್ರಾಯ ಎಂದು ಮೂಲಾರ್ಥ. ಆದುದರಿಂದ ಇದು ನಿರ್ದೋಷವೆಂದು ವೈಯಾಕರಣರು ವಾದಿಸಬಹುದು. ಸಮ್ಮತ, ಒಮ್ಮತ, ಬಹುಮತಗಳು ಅವರ ಪಕ್ಷಕ್ಕೆ ಸಾಕ್ಷಿ ನುಡಿಯುವುವು. ಆದರೆ ಮತಾಂತರ, ಮತೀಯ, ಮತಭೇದಗಳಲ್ಲಿ ಅರ್ಥ ಎತ್ತ ವಾಲಿದೆ? ಪದದ ಅರ್ಥವನ್ನು ಧಾತು ಒಂದೇ ನಿರ್ಣಯಿಸುವುದಿಲ್ಲ, ಬಳಕೆಯೂ ನಿರ್ಣಯಿಸುವುದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣವು ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಓಟು ಯಾಚಿಸುವುದನ್ನು ಭ್ರಷ್ಟಾಚಾರವೆಂದಿದೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಓಟುದಾರನ ಧರ್ಮದ ಹೆಸರೂ ಸಲ್ಲದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು 4-3ರ ಬಹುಮತದಿಂದ ತೀರ್ಪಿತ್ತಿತು. ಈ ವಿಧಿಯನ್ನು ಕನ್ನಡದಲ್ಲಿ ಹೇಳಿನೋಡಿರಿ: ‘ಮತದ ಹೆಸರಿನಲ್ಲಿ ಮತ ಕೇಳಬಾರದು.’ ಇದು ಶ್ಲೇಷಾಲಂಕಾರಕ್ಕೆ ಸೊಗಸಾದ ಉದಾಹರಣೆ, ಕಾನೂನಿಗೆ ಕೆಟ್ಟ ವಾಕ್ಯ.

ಈ ಶ್ಲೇಷೆ ಒಂದು ಕಾಲದಲ್ಲಿ ಕಾನೂನೇ ಆಗಿದ್ದಿತು. 1909ರ ಸುಧಾರಣೆಯಲ್ಲಿ ಮುಸಲ್ಮಾನರಿಗೆ ಪ್ರತ್ಯೇಕ ಚುನಾಯಕ ವರ್ಗವನ್ನು ಕಲ್ಪಿಸಿದ ಮೇಲೆ, ಒಬ್ಬನು ಯಾವ ಪಟ್ಟಿಯಲ್ಲಿ ಓಟು ಮಾಡಬೇಕೆಂಬುದನ್ನು ಅವನ ಮತವೇ ನಿಶ್ಚಯಿಸುತ್ತಿತ್ತು. ಸಂವಿಧಾನದ 325ನೆಯ ಅನುಚ್ಛೇದವು ಅದನ್ನು ಕಿತ್ತೊಗೆದು ಎಲ್ಲರಿಗೂ ಒಂದೇ ಪಟ್ಟಿಯನ್ನು ವಿಧಿಸಿತು. ಆ ಸಂವಿಧಾನ ಸಭೆಯಲ್ಲಿ ಸದಸ್ಯರಾಗಿ ಕುಳಿತಿದ್ದ ಬೆನೆಗಲ್ ಶಿವರಾಯರೇ 1952ರಲ್ಲಿ ದಕ್ಷಿಣ ಕೆನರಾ ದಕ್ಷಿಣದಿಂದ ಲೋಕಸಭೆಗೆ ಹೋದವರು. ಕಾನೂನು ಬೇರ್ಪಡಿಸಿದ ಎರಡು ಅರ್ಥಗಳನ್ನು ಕನ್ನಡವು ಇಂದಿಗೂ ಒಂದೇ ಪದದಲ್ಲಿ ಕಟ್ಟಿಟ್ಟಿದೆ. ಹಿಂದು, ಮುಸಲ್ಮಾನ, ಕ್ರೈಸ್ತ, ಜೈನರು ಒಂದೇ ಸಾಲಿನಲ್ಲಿ ನಿಲ್ಲುವ, ಮತದ್ವೇಷದ ಗಾಯಗಳನ್ನೂ ಕಂಡಿರುವ ಈ ಜಿಲ್ಲೆಯಲ್ಲಿ ಇದನ್ನು ಬರಿಯ ಪದಚಮತ್ಕಾರವೆಂದು ಬಿಡಲಾಗದು.

‘ದಾನ’ದ ವಿಷಯ ಸ್ವಲ್ಪದರಲ್ಲಿ ಮುಗಿಯುವುದು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನದ ಜೈನ ಸಂಪ್ರದಾಯವುಳ್ಳ ನಾಡಿದು. ದಾನ ಕೊಟ್ಟವನು ಲೆಕ್ಕ ಕೇಳಬಾರದೆಂಬುದು ಇಲ್ಲಿನ ಸಂಸ್ಕಾರ. ಓಟು ಕೊಟ್ಟವನಾದರೋ ಐದು ವರ್ಷ ಲೆಕ್ಕ ಕೇಳಲೇಬೇಕು! ‘ಮತದಾನ’ವೆಂಬ ಸಮಾಸವು ಓಟುದಾರನಿಗೆ ಪುಣ್ಯವನ್ನು ಹಂಚಿ ಹಕ್ಕನ್ನು ಮರೆಸುವುದು.

ಇಲ್ಲಿಯ ಜನರಂತೂ ಈ ಸಮಾಸವನ್ನು ಮನೆಮಾತಾಗಿ ಬಳಸಿದವರಲ್ಲ. ತುಳುವರು ‘ಓಟು ಪಾಡುನಿ’ ಎನ್ನುವರು. ಅಲ್ಲಿ ಮತವೂ ಇಲ್ಲ, ದಾನವೂ ಇಲ್ಲ. ಪರಭಾಷೆಯ ಪದವಾದರೂ ಅರ್ಥದಲ್ಲಿ ಕಲಬೆರಕೆಯಿಲ್ಲ. ಆದರೆ ಅವರ ಭಾಷೆಗೆ ದೊರೆತ ಸ್ಥಾನವೇನು? ಕೊಂಕಣಿಯು 1992ರಲ್ಲಿ ಎಂಟನೆಯ ಅನುಸೂಚಿಯನ್ನು ಸೇರಿತು. ತುಳು ಇನ್ನೂ ಹೊರಗಿದೆ. 120ನೆಯ ಅನುಚ್ಛೇದದಂತೆ, ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ತಕ್ಕಷ್ಟು ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ತುಳುವಿನಲ್ಲಿ ಕೇಳಿ ಪಡೆದ ಓಟಿಗೆ ದಿಲ್ಲಿಯಲ್ಲಿ ತುಳುವಿನಲ್ಲೇ ಉತ್ತರಿಸಬೇಕಾದರೆ ಸದಸ್ಯನು ಮೊದಲು ತನ್ನ ಅಸಾಮರ್ಥ್ಯವನ್ನು ಒಪ್ಪಿಕೊಳ್ಳಬೇಕೆಂದಾಯಿತು.

ನಿಘಂಟುಕಾರರು ‘ಓಟು’ ಎಂಬುದನ್ನು ಗ್ರಾಮ್ಯವೆಂದು ಬದಿಗೆ ಸರಿಸದೆ ಮುಖ್ಯ ಪದವಾಗಿ ಕೊಟ್ಟು, ‘ಮತ’ದ ಎದುರಿಗೆ ಎರಡು ಅರ್ಥಗಳನ್ನೂ ಬೇರೆಬೇರೆ ಅಂಕೆಯಿಟ್ಟು ನಮೂದಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ‘ನಮ್ಮ ಮತ’ ಎಂದೇ ಬರೆಯಬೇಕೆಂದಿದ್ದೆವು. ಕಾರಣವನ್ನು ವಾಚಕರು ಊಹಿಸಬಲ್ಲರು.