‘ಸೆಂಟ್ರಲ್ ಸ್ಟೇಷನ್’ ಚಿತ್ರದಲ್ಲಿ ಪ್ರಯಾಣವೂ ಪರಿವರ್ತನೆಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತನ್ನು ನಾವು ತರಗತಿಯಲ್ಲಿ ಅನೇಕ ಸಲ ಹೇಳಿದ್ದೇವೆ. ಮನೆಬಿಟ್ಟು ದೂರ ಹೋದವನು ಬೇರೆ ಮನುಷ್ಯನಾಗುವ ಕಥೆಯನ್ನು ಚಲಚ್ಚಿತ್ರಗಳೂ ಬಹುವಾಗಿ ಹೇಳಿವೆ. ಅಂಥ ಎಷ್ಟೋ ಚಿತ್ರಗಳಲ್ಲಿ ಬೆಟ್ಟ ಕಡಲುಗಳ ಸೊಬಗೇ ಮನಸ್ಸನ್ನು ತಿದ್ದಿಬಿಡುವಂತೆ ತೋರುತ್ತದೆ. ಆದರೆ ದಾರಿ ಉದ್ದವಾದ ಮಾತ್ರಕ್ಕೆ ಮನುಷ್ಯ ಬದಲಾಗುವನೇ? ಬ್ರೆಜಿಲಿನ ನಿರ್ದೇಶಕ ವಾಲ್ಟರ್ ಸಾಲೆಸ್ ಅವರ ‘ಸೆಂಟ್ರಲ್ ಸ್ಟೇಷನ್’ (1998) ಈ ಪ್ರಶ್ನೆಗೆ ಕೊಡುವ ಉತ್ತರವು ಉಪಾಧ್ಯಾಯರಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು.

ಕಥಾನಾಯಕಿ ಡೋರಾ ನಿವೃತ್ತ ಉಪಾಧ್ಯಾಯಿನಿ. ರಿಯೋ ಡಿ ಜನೈರೋ ನಗರದ ರೈಲು ನಿಲ್ದಾಣದಲ್ಲಿ ಮೇಜು ಹಾಕಿಕೊಂಡು, ಅಕ್ಷರ ಬಾರದವರು ಹೇಳಿದ್ದನ್ನು ಕಾಗದಕ್ಕಿಳಿಸಿ ಹಣ ಪಡೆಯುತ್ತಾಳೆ. ಅಂಚೆಗೆ ಹಾಕುವ ಹೊಣೆಯನ್ನೂ ಹೊರುತ್ತಾಳೆ. ಆದರೆ ಮನೆಯಲ್ಲಿ ಗೆಳತಿಯೊಡನೆ ಆ ಪತ್ರಗಳನ್ನು ಓದಿ ನಕ್ಕು, ಕೆಲವನ್ನು ಹರಿದೆಸೆಯುತ್ತಾಳೆ, ಕೆಲವನ್ನು ಮೇಜಿನ ಖಾನೆಗೆ ತುಂಬುತ್ತಾಳೆ. ಜೋಸುಯೆ ಎಂಬ ಹುಡುಗನ ತಾಯಿ ಅವನ ತಂದೆಗೆ ಪತ್ರ ಬರೆಸಿ ಹೊರಬಂದವಳು ಬಸ್ಸಿಗೆ ಸಿಕ್ಕಿ ಸಾಯುತ್ತಾಳೆ. ಡೋರಾ ಆ ಅನಾಥನನ್ನು ಹಣಕ್ಕೆ ಒಪ್ಪಿಸಿ ಟೆಲಿವಿಷನ್ ಕೊಳ್ಳುತ್ತಾಳೆ. ಆಮೇಲೆ ಮನಸ್ಸು ತಡೆಯದೆ ಅವನನ್ನು ಬಿಡಿಸಿ ತಂದು, ತಂದೆಯನ್ನು ಹುಡುಕಲು ದೇಶದ ಈಶಾನ್ಯದ ಒಣನೆಲಕ್ಕೆ ಹೊರಡುತ್ತಾಳೆ.

ಅವಳ ಪರಿವರ್ತನೆ ಒಮ್ಮೆಗೇ ಆಗುವುದಿಲ್ಲ. ದಾರಿಯಲ್ಲಿ ಹುಡುಗನನ್ನು ಬಿಟ್ಟುಬಿಡಲು ಯತ್ನಿಸುತ್ತಾಳೆ. ಕರುಣೆ ತೋರಿದ ಲಾರಿ ಚಾಲಕನು ಅವಳು ತುಟಿಗೆ ಬಣ್ಣ ಹಚ್ಚಿಕೊಂಡು ಬರುವಷ್ಟರಲ್ಲಿ ಹೊರಟುಹೋಗುತ್ತಾನೆ. ಆ ಒಂದು ಗಳಿಗೆಯಲ್ಲಿ ಫೆರ್ನಾಂಡಾ ಮೊಂಟೆನೆಗ್ರೊ ಅವರ ಅಭಿನಯ ಉತ್ತಮಮಟ್ಟದ್ದು. ಯಾತ್ರಿಕರ ಜಾತ್ರೆಯಲ್ಲಿ ಡೋರಾ ಮೂರ್ಛೆಹೋದಾಗ ಹುಡುಗ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಮರುದಿನ ಅವನ ಸೂಚನೆಯಂತೆ ಅವಳು ಯಾತ್ರಿಕರಿಗೆ ಪತ್ರ ಬರೆದುಕೊಡುತ್ತಾಳೆ. ಕೆಲಸ ಹಳೆಯದೇ, ಕೈಯೂ ಹಳೆಯದೇ. ಆದರೆ ಈ ಸಲ ಪತ್ರಗಳು ಅಂಚೆಗೆ ಸೇರುತ್ತವೆ. ಚಿತ್ರದ ತಿರುಳು ಇಲ್ಲಿದೆ. ರಿಯೋದಲ್ಲಿ ಅವಳಿಗೆ ಬರಿಯ ವಿಳಾಸವಾಗಿದ್ದ ಊರುಗಳನ್ನು ಈಗ ಕಣ್ಣಾರೆ ಕಂಡಿದ್ದಾಳೆ. ಪತ್ರ ತಲುಪದಿದ್ದರೆ ಯಾರಿಗೆ ನಷ್ಟವೆಂಬುದು ತಿಳಿದಿದೆ.

ಕೊನೆಯಲ್ಲಿ ತಂದೆ ಸಿಗುವುದಿಲ್ಲ. ಹುಡುಗನ ಇಬ್ಬರು ಅಣ್ಣಂದಿರು ಸಿಗುತ್ತಾರೆ. ತಂದೆ ಬಿಟ್ಟುಹೋದ ಪತ್ರವನ್ನು ಅವರಿಗೆ ಓದಿ ಹೇಳುವಾಗ ಡೋರಾ ಅದರಲ್ಲಿಲ್ಲದ ಜೋಸುಯೆಯ ಹೆಸರನ್ನು ಸೇರಿಸುತ್ತಾಳೆ. ಇದು ಸುಳ್ಳೆಂಬುದು ನಿರ್ವಿವಾದ. ಓದುಬಲ್ಲವಳ ಅಧಿಕಾರವನ್ನು ಹಿಂದೆ ಅನ್ಯರ ಸಂಬಂಧ ಕಡಿಯಲು ಬಳಸಿದವಳು ಈಗ ಕೂಡಿಸಲು ಬಳಸುತ್ತಾಳೆ. ನಿರ್ದೇಶಕರು ಇದನ್ನು ಮೆಚ್ಚಿಸಲೂ ಇಲ್ಲ, ಖಂಡಿಸಲೂ ಇಲ್ಲ. ಆ ಸಂಯಮವೇ ಔಚಿತ್ಯ. ಬೆಳಗಿನ ಬಸ್ಸಿನಲ್ಲಿ ಹಿಂದಿರುಗುತ್ತ ಅವಳು ಜೋಸುಯೆಗೆ ತನ್ನದೇ ಒಂದು ಪತ್ರ ಬರೆಯುತ್ತಾಳೆ.

ದೋಷಗಳೂ ಇಲ್ಲದಿಲ್ಲ. ತಂದೆಯ ಹೆಸರು ಜೆಸುಸ್, ಅವನೂ ಮಕ್ಕಳೂ ಬಡಗಿಗಳು ಎಂಬಲ್ಲಿ ಸಂಕೇತ ಅತಿಯಾಗಿ ಎದ್ದು ಕಾಣುತ್ತದೆ. ನಗರವೆಲ್ಲ ಕಠೋರ, ಹಳ್ಳಿಯೆಲ್ಲ ಸಜ್ಜನ ಎಂಬ ಭಾವನೆಯೂ ಸರಳವಾಯಿತು. ಆದರೂ ಬರ್ಲಿನ್ ಚಿತ್ರೋತ್ಸವದಲ್ಲಿ 1998ರಲ್ಲಿ ದೊರೆತ ಸುವರ್ಣ ಕರಡಿ ಪ್ರಶಸ್ತಿಗೆ ಈ ಕೃತಿ ಯೋಗ್ಯವಾದುದೇ.

ಗಡಿನಾಡಿನ ನಮಗೆ ಇದು ಪರದೇಶದ ಕಥೆ ಮಾತ್ರವಲ್ಲ. ಆಡಳಿತಭಾಷೆಯನ್ನು ಓದಲಾರದ ನಮ್ಮ ಹಿರಿಯರು ಅರ್ಜಿ ಬರೆಸಲು ಉಪಾಧ್ಯಾಯರ ಬಳಿಗೆ ಬರುವುದುಂಟು. ಬರೆದದ್ದು ತಮ್ಮ ಮಾತೇ ಎಂದು ನಂಬಿ ಅವರು ಹೆಬ್ಬೆರಳು ಒತ್ತುತ್ತಾರೆ. ಪರೀಕ್ಷಿಸಿ ನೋಡುವ ದಾರಿ ಅವರಿಗಿಲ್ಲ. ಆ ನಂಬಿಕೆಯ ಬೆಲೆಯನ್ನು ಅರಿಯಲು ಡೋರಾ ಅಷ್ಟು ದೂರ ಹೋಗಬೇಕಾಯಿತು. ಉಪಾಧ್ಯಾಯ ಬಂಧುಗಳು ಈ ಚಿತ್ರವನ್ನು ಒಟ್ಟಾಗಿ ಕುಳಿತು ನೋಡಿ ಚರ್ಚಿಸಿದರೆ ಪ್ರಯೋಜನವಾದೀತು.