ಸರಕಾರಿ ಖರೀದಿಯೂ ಬಿಟ್ಟಿ ದುಡಿಮೆಯೂ: ಒಂದು ವಿಮರ್ಶೆ

ಸರಕಾರವು ಒಂದು ವಸ್ತುವನ್ನು ಕೊಳ್ಳುವಾಗ ಅದರ ಬೆಲೆಯನ್ನೂ ಗುಣವನ್ನೂ ವಿಚಾರಿಸುತ್ತದೆ. ಅದನ್ನು ನಿರ್ಮಿಸಿದವರು ಸ್ವತಂತ್ರರಾಗಿ ದುಡಿದರೇ, ಬಲಾತ್ಕಾರಕ್ಕೆ ಒಳಗಾಗಿ ದುಡಿದರೇ ಎಂಬುದನ್ನು ವಿಚಾರಿಸುವುದಿಲ್ಲ. ನಮ್ಮ ರಾಜ್ಯದ ಸಾರಿಗೆ ಸಂಸ್ಥೆಗಳು ವಿದ್ಯುತ್ ಬಸ್ಸುಗಳನ್ನು ನೂರುಗಟ್ಟಲೆ ಪಡೆಯುತ್ತಿರುವ ಈ ಕಾಲದಲ್ಲಿ ಈ ನ್ಯೂನತೆಯನ್ನು ಪರಿಶೀಲಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಕಂಡಿರುವ ವಿದ್ಯಾರ್ಥಿಗಳಿಗೆ ಹೊಗೆಯಿಲ್ಲದ ಶಕ್ತಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ನಮ್ಮ ಆಕ್ಷೇಪವು ಆ ವಾಹನಗಳನ್ನು ಪಡೆಯುವ ಕ್ರಮಕ್ಕೆ ಮಾತ್ರ ಸಂಬಂಧಿಸಿದುದು. ಈ ಪ್ರಶ್ನೆಯೂ ಹೊಸದಲ್ಲ. ರೋಣ, ನರಗುಂದಗಳನ್ನೊಳಗೊಂಡ ಧಾರವಾಡ ಸೀಮೆಯ ಎರೆಭೂಮಿಯು ಒಂದು ಕಾಲದಲ್ಲಿ ಇದೇ ಪ್ರಶ್ನೆಯ ನಡುವೆ ಸಿಕ್ಕಿಕೊಂಡಿತ್ತು.

19ನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳು ನೂಲುತ್ತಿದ್ದ ಹತ್ತಿಯ ಬಹುಪಾಲು ಅಮೇರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮರ ದುಡಿಮೆಯಿಂದ ಬೆಳೆದುದಾಗಿತ್ತು. 1839ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಇಂಡಿಯಾ ಸೊಸೈಟಿಯವರು, ಅದರಲ್ಲಿಯೂ ಗುಲಾಮಗಿರಿಯ ವಿರೋಧಿಯಾದ ಜಾರ್ಜ್ ಥಾಂಪ್ಸನ್, ಹಿಂದುಸ್ಥಾನದ ಸ್ವತಂತ್ರ ರೈತನ ಹತ್ತಿಯನ್ನು ಕೊಂಡರೆ ಗುಲಾಮರ ಹತ್ತಿಗೆ ಗಿರಾಕಿ ಇಲ್ಲದಂತಾಗುವುದೆಂದು ವಾದಿಸಿದರು. 1840ರಲ್ಲಿ ಕಂಪನಿ ಸರಕಾರವು ಅಮೇರಿಕದ ಹತ್ತಿ ಬೆಳೆಗಾರರನ್ನೇ ಇಲ್ಲಿಗೆ ಕರೆಯಿಸಿತು. ನ್ಯೂ ಆರ್ಲಿಯನ್ಸಿನ ಬೀಜವು ಹಿಂದುಸ್ಥಾನದ ಅನೇಕ ಕಡೆಗಳಲ್ಲಿ ವಿಫಲವಾದರೂ ಧಾರವಾಡ ಜಿಲ್ಲೆಯಲ್ಲಿ ನೆಲೆಯೂರಿತು. 1861ರಿಂದ 1865ರ ವರೆಗೆ ನಡೆದ ಅಮೇರಿಕದ ಅಂತರ್ಯುದ್ಧದಲ್ಲಿ ಈ ಹತ್ತಿಗೆ ಅಪೂರ್ವ ಬೆಲೆ ಬಂದಿತು.

ಆಗ ಕೊಳ್ಳುವವರು ಏನನ್ನು ಕೇಳಿದರು ಎಂಬುದು ಗಮನಿಸತಕ್ಕ ಅಂಶ. ಹತ್ತಿಯಲ್ಲಿ ಬೀಜ, ಧೂಳು, ಕೀಳು ಹತ್ತಿ ಬೆರೆಯುತ್ತಿವೆಯೆಂದು ವರ್ತಕರು ದೂರಿದರು. ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯದೆಯನ್ನು ಮಾಡಿ ಇನ್ಸ್ಪೆಕ್ಟರರನ್ನು ನೇಮಿಸಿತು. ಅಂಡಿಗೆಯನ್ನು ಬಿಚ್ಚಿ ನೋಡುವ ಅಧಿಕಾರ ಅವರಿಗಿತ್ತು. ಆ ಹತ್ತಿಯನ್ನು ಬಿಡಿಸಿದವರು ಕೂಲಿಯವರೋ ಜೀತದವರೋ ಎಂದು ಕೇಳುವುದು ಅವರ ಕೆಲಸವಾಗಿರಲಿಲ್ಲ. 1843ರ ಕಾಯದೆಯು ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತಾದರೂ ಸಾಲದ ಜೀತ ಉಳಿದುಕೊಂಡೇ ಇತ್ತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಧರ್ಮದ ಮಾತು ಮೊದಲೇ ಮರೆತುಹೋಗಿತ್ತು. ಮ್ಯಾಂಚೆಸ್ಟರಿನ ಲಾಭದೊಡನೆ ಬೆರೆತಿದ್ದ ಆ ಕರುಣೆಯು ಖರೀದಿಯ ಕರಾರಿನೊಳಗೆ ಒಂದು ಷರತ್ತಾಗಿ ಎಂದೂ ಇಳಿಯಲಿಲ್ಲ. ಅದರ ಸೋಲಿಗೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಇಂದು ಹತ್ತಿಯ ಸ್ಥಾನದಲ್ಲಿ ಲೋಹಗಳಿವೆ. ಜಗತ್ತಿನ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚು ಭಾಗ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ. ಅಲ್ಲಿಯ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆಯು 2016ರಲ್ಲಿ ಪ್ರಕಟಿಸಿತು. ಆದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟುಗಳಿಂದಾದ ಬ್ಯಾಟರಿಯಲ್ಲಿ ಕೋಬಾಲ್ಟ್ ಇರುವುದಿಲ್ಲ. ಆದುದರಿಂದ ಎಲ್ಲ ಬಸ್ಸುಗಳ ಮೇಲೂ ಈ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಅಲ್ಯೂಮಿನಿಯಮ್ಮಿನ ವಿಷಯ ಬೇರೆ. ವಾಹನಗಳಲ್ಲಿ ಅದರ ಬಳಕೆ ವ್ಯಾಪಕವಾಗಿದೆ. ಚೀನದ ಶಿನ್‌ಜಿಯಾಂಗ್ ಪ್ರಾಂತದ ಅಲ್ಯೂಮಿನಿಯಂ ಉದ್ಯಮಕ್ಕೂ ಉಯ್ಗುರ್ ಜನರನ್ನು ಸರಕಾರವೇ ಕೆಲಸಕ್ಕೆ ಸಾಗಿಸುವ ಯೋಜನೆಗೂ ಸಂಬಂಧವಿದೆಯೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2024ರಲ್ಲಿ ಆಪಾದಿಸಿತು. ಚೀನ ಸರಕಾರವು ಬಲವಂತದ ದುಡಿಮೆಯ ಆಪಾದನೆಯನ್ನು ಅಲ್ಲಗಳೆದಿದೆ. ಇಂಥ ವಿವಾದವಿರುವಲ್ಲಿ ಕೊಳ್ಳುವವನು ವಿಚಾರಿಸದೆ ಇರುವುದು ನಿಷ್ಪಕ್ಷಪಾತವೆನಿಸಲಾರದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಸಂವಿಧಾನದ 23ನೆಯ ವಿಧಿಯು ಬೇಗಾರವನ್ನೂ ಇತರ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾಯದೆ ಬಂದಿತು. ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳ ಕೆಲಸದಲ್ಲಿ ದಿನಕ್ಕೆ 9 ರೂಪಾಯಿ 25 ಪೈಸೆಯ ಕನಿಷ್ಠ ಕೂಲಿಯಿಂದ ಜಮಾದಾರರು ಒಂದು ರೂಪಾಯಿಯನ್ನು ಮುರಿದುಕೊಳ್ಳುತ್ತಿದ್ದ ಪ್ರಕರಣ 1982ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಹಸಿವಿನ ಒತ್ತಾಯಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪಿತ್ತರು. ಗುತ್ತಿಗೆದಾರನನ್ನು ಮುಂದೆ ಮಾಡಿ ಸರಕಾರವು ತನ್ನ ಹೊಣೆಯಿಂದ ಜಾರಿಕೊಳ್ಳಲಾಗದೆಂಬುದು ಆ ತೀರ್ಪಿನ ಇನ್ನೊಂದು ಮುಖ್ಯಾಂಶ.

ಈ ಒರೆಗಲ್ಲಿಗೆ ನಮ್ಮ ಖರೀದಿಯ ಕ್ರಮವನ್ನು ಉಜ್ಜಿ ನೋಡಬೇಕು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2021ರ ಡಿಸೆಂಬರಿನಿಂದ ಗುತ್ತಿಗೆಯ ವಿದ್ಯುತ್ ಬಸ್ಸುಗಳನ್ನು ಓಡಿಸುತ್ತಿದೆ. ಈ ಪದ್ಧತಿಯಲ್ಲಿ ಬಸ್ಸು ಗುತ್ತಿಗೆದಾರನದು, ಚಾಲಕನೂ ಅವನ ನೌಕರ. ಸಂಸ್ಥೆಯು ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತದೆ. ಹೀಗೆ ಬ್ಯಾಟರಿಯ ಮೂಲದಿಂದ ಚಾಲಕನ ಸಂಬಳದ ವರೆಗಿನ ಎಲ್ಲವೂ ಒಂದು ದರದೊಳಗೆ ಮುಚ್ಚಿಹೋಗುತ್ತವೆ. ಇಂಥ ವ್ಯವಹಾರಗಳಿಗೆ ಆಧಾರವಾದ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯದೆಯು ಟೆಂಡರು ಕೊಡುವವರ ನಡುವಣ ಮೋಸವನ್ನು ತಡೆಯಲು ಹುಟ್ಟಿದುದು. ಆ ಉದ್ದೇಶ ಶ್ಲಾಘ್ಯವೇ. ಆದರೆ 1863ರ ಕಾಯದೆಯಂತೆ ಇದೂ ಕೊಳ್ಳುವವನ ಹಿತವನ್ನೇ ಮುಖ್ಯವಾಗಿ ಕಾಯುತ್ತದೆ.

ಸರಬರಾಜಿನ ಸರಪಳಿ ಬಹಳ ಉದ್ದವಾದುದರಿಂದ ಅಧಿಕಾರಿಗಳು ಅದರ ತುದಿಯನ್ನು ಮುಟ್ಟಲಾರರೆಂದು ಆಕ್ಷೇಪಿಸುವವರುಂಟು. ಇದಕ್ಕೆ ನಮ್ಮ ಸರಕಾರಗಳ ನಡೆಯೇ ಉತ್ತರ. ನೆರೆಯ ಗಡಿದೇಶಗಳ ಟೆಂಡರುದಾರರು ಮೊದಲು ನೋಂದಣಿ ಮಾಡಿಸಬೇಕೆಂದು ಕೇಂದ್ರ ಸರಕಾರವು 2020ರ ಜುಲೈಯಲ್ಲಿ ವಿಧಿಸಿತು; ವಸ್ತುವಿನಲ್ಲಿ ಸ್ವದೇಶದ ಪಾಲೆಷ್ಟೆಂದು 2017ರಿಂದಲೇ ಕೇಳುತ್ತಿದೆ. ನಮ್ಮ ರಾಜ್ಯದ ಕಾಯದೆಯೂ 2017ರ ತಿದ್ದುಪಡಿಯಿಂದ ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲನ್ನು ಕೊಟ್ಟಿತು. ಅಂದಮೇಲೆ ಖರೀದಿಯು ಕೇವಲ ಬೆಲೆಯ ವಿಷಯವೆಂಬ ಮಾತು ಈಗಾಗಲೇ ಬಿದ್ದುಹೋಗಿದೆ. ಅಮೇರಿಕವು 2021ರಲ್ಲಿ ಶಿನ್‌ಜಿಯಾಂಗಿನ ವಸ್ತುಗಳ ಬಗ್ಗೆ, ಐರೋಪ್ಯ ಒಕ್ಕೂಟವು 2024ರಲ್ಲಿ ಬಲವಂತದ ದುಡಿಮೆಯ ಎಲ್ಲ ವಸ್ತುಗಳ ಬಗ್ಗೆ ಕಾಯದೆ ಮಾಡಿವೆ. ಅವುಗಳಲ್ಲಿ ವ್ಯಾಪಾರದ ಪೈಪೋಟಿಯೂ ಬೆರೆತಿರಬಹುದು. ಮ್ಯಾಂಚೆಸ್ಟರಿನ ಇತಿಹಾಸವನ್ನು ಓದಿದವರಿಗೆ ಅದು ಆಶ್ಚರ್ಯವಲ್ಲ. ಆದರೆ ಕೇಳುವವನ ಉದ್ದೇಶ ಮಿಶ್ರವಾಗಿದೆಯೆಂಬ ಕಾರಣದಿಂದ ಪ್ರಶ್ನೆಯೇ ತಪ್ಪಾಗುವುದಿಲ್ಲ.

ಆದುದರಿಂದ ಟೆಂಡರಿನ ಷರತ್ತುಗಳಲ್ಲಿ ಎರಡು ಅಂಶಗಳು ಸೇರಬೇಕೆಂದು ನಾವು ಸೂಚಿಸುತ್ತೇವೆ. ಬ್ಯಾಟರಿ ಮತ್ತು ಮುಖ್ಯ ಲೋಹಗಳ ಮೂಲವನ್ನು ಗಣಿ, ಕುಲುಮೆಗಳ ವರೆಗೆ ತಿಳಿಸುವ ಹೊಣೆ ಮಾರುವವನದಾಗಬೇಕು. ಗುತ್ತಿಗೆಯ ಚಾಲಕರ ಮತ್ತು ಕೆಲಸಗಾರರ ಸಂಬಳ ನೇರವಾಗಿ ಅವರ ಕೈಸೇರಿದುದಕ್ಕೆ ದಾಖಲೆಯಿಲ್ಲದೆ ಬಿಲ್ಲು ಪಾವತಿಯಾಗಬಾರದು. ಮೊದಲನೆಯದು ದೂರದವರನ್ನು, ಎರಡನೆಯದು ನಮ್ಮವರನ್ನು ಕಾಯುತ್ತದೆ. ಮನೆಯೊಳಗಿನ ಜೀತವನ್ನು ಮರೆತು ಹೊರನಾಡಿನದನ್ನು ಮಾತ್ರ ಖಂಡಿಸುವುದು ಉಚಿತವಲ್ಲ.

ನಮ್ಮ ‘ಬಿಟ್ಟಿ’ ಎಂಬ ಶಬ್ದವು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕ್ರಿ.ಶ. 150ರ ಸುಮಾರಿನ ಜುನಾಗಢದ ಶಾಸನದಲ್ಲಿ ರುದ್ರದಾಮನು ಸುದರ್ಶನ ಕೆರೆಯ ಕಟ್ಟೆಯನ್ನು ಪ್ರಜೆಗಳಿಂದ ವಿಷ್ಟಿಯನ್ನು ಪಡೆಯದೆ, ತನ್ನ ಬೊಕ್ಕಸದ ಹಣದಿಂದಲೇ ಕಟ್ಟಿಸಿದುದಾಗಿ ಹೇಳಿಕೊಂಡಿದ್ದಾನೆ. ಅದರಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಆದರೆ ಸರಕಾರಿ ಕಾರ್ಯದ ಹಿರಿಮೆಯನ್ನು ಅಳೆಯುವಾಗ ಯಾರ ದುಡಿಮೆಯೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಆ ಅರಸನಿಗೆ ತೋರಿತ್ತು. ನಮ್ಮ ವಿದ್ಯಾರ್ಥಿಗಳು ಶಾಸನಗಳನ್ನು ಓದುವ ಶ್ರದ್ಧೆಯಿಂದಲೇ ಟೆಂಡರು ಪತ್ರಗಳನ್ನೂ ಓದಬೇಕು. 2005ರ ಮಾಹಿತಿ ಹಕ್ಕಿನ ಕಾಯದೆಯ ಮೂಲಕ ಅವನ್ನು ಕೇಳಿ ಪಡೆಯಬಹುದು. ರೋಣ, ನರಗುಂದ, ಗಜೇಂದ್ರಗಡಗಳ ಪುರಸಭೆಗಳ ಖರೀದಿಯಿಂದಲೇ ಈ ಅಭ್ಯಾಸವನ್ನು ಆರಂಭಿಸಬಹುದೆಂದು ನಮ್ಮ ಸಲಹೆ.